ಮುಯ್ಯಾಳು ಕೆಮಿಸ್ಟ್ರಿ

ಪಾಂಡವಪುರದ ಸುತ್ತಿನಲ್ಲಿ ಮನುಷ್ಯ ಏನನ್ನು ಬೇಕಾದರೂ ಮರೆಯಬಹುದು. ಹೆಂಡತಿ ಸಂತೆಯಿಂದ ತರಲು ಹೇಳಿದ್ದನ್ನು ಮರೆಯಬಹುದು, ಮಗ ಯಾವ ಕ್ಲಾಸಿನಲ್ಲಿದ್ದಾನೆ ಎಂಬುದನ್ನು ಮರೆಯಬಹುದು, ಓಟು ಹಾಕಿಸಿಕೊಂಡವರ ಮಾತನ್ನಂತೂ ಅಂದೇ ಮರೆತರೆ ಆರೋಗ್ಯಕ್ಕೆ ಒಳ್ಳೆಯದು. ಮುಯ್ಯಾಳನ್ನು ಮಾತ್ರ ಮರೆಯುವಂತಿಲ್ಲ. ನನ್ನ ಗದ್ದೆಯ ನಾಟಿಗೆ ನಿನ್ನ ಮನೆಯವರು ಬಂದರೆ ನಿನ್ನ ಗದ್ದೆಯ ನಾಟಿಗೆ ನನ್ನ ಮನೆಯವರು ಹೋಗಬೇಕು. ಕೂಲಿಯ ಮಾತೇ ಇಲ್ಲ. ಹಾಗೆ ಹೋಗದೆ ತಲೆ ತಪ್ಪಿಸಿಕೊಂಡವನಿಗೆ ‘ಮುಯ್ಯಿ ಉಂಡವನು’ ಎಂಬ ಬಿರುದು ಬರುತ್ತದೆ. ನಮ್ಮ ಕಡೆ ಬಿರುದು ಕೊಡುವುದು ಸುಲಭ, ವಾಪಸು ಪಡೆಯುವ ಪದ್ಧತಿ ಇಲ್ಲ.

ನನ್ನ ಎದುರುಮನೆಯ ಬೋರಯ್ಯನಿಗೆ ಈ ಬಿರುದಿನ ಹೆದರಿಕೆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು. ಅವನ ಕಷ್ಟವೆಂದರೆ ಮುಯ್ಯಿ ತೀರಿಸಲು ಮನೆಯಲ್ಲಿ ಕೈಗಳಿರಲಿಲ್ಲ. ಇದ್ದ ಒಬ್ಬನೇ ಮಗ ತಿಮ್ಮರಾಜು ಬಿ.ಎಸ್ಸಿ. ಓದುತ್ತಿದ್ದ. ಬಿ.ಎಸ್ಸಿ. ಓದುವವನು ಕೆಸರಿಗೆ ಇಳಿಯಬಾರದೆಂಬ ನಿಯಮವನ್ನು ಯಾವ ವಿಶ್ವವಿದ್ಯಾನಿಲಯವೂ ಮಾಡಿಲ್ಲ. ತಿಮ್ಮರಾಜು ಅದನ್ನು ತಾನೇ ಮಾಡಿಕೊಂಡು ತಾನೇ ಪಾಲಿಸುತ್ತಿದ್ದ. ಹೀಗಾಗಿ ಬೋರಯ್ಯ ನಾಟಿಗೆ ಆಳು ಕೇಳಲು ಹೋದರೆ ಜನ, ‘ಬರಾದೇನೋ ಬತ್ತೀವಿ, ತಿರುಗಿ ನಿಮ್ಮನೆಯಿಂದ ಯಾರು ಬತ್ತಾರೆ?’ ಎನ್ನುತ್ತಿದ್ದರು. ಪ್ರತಿ ವರ್ಷ ಊರಿಗೆಲ್ಲ ಕೊನೆಯ ನಾಟಿ ಬೋರಯ್ಯನದೇ ಆಗುತ್ತಿತ್ತು.

ಇದು ತೊಂಬತ್ತರ ದಶಕದ ನಡುವಿನ ಮಾತು. ಆ ವರ್ಷ ಆಷಾಢದಲ್ಲಿ ಫಲಿತಾಂಶ ಬಂತು. ತಿಮ್ಮರಾಜು ಕೆಮಿಸ್ಟ್ರಿಯಲ್ಲಿ ಡುಮ್ಕಿ. ಇದರಲ್ಲಿ ಅವನ ಸ್ವಂತ ತಪ್ಪು ಹೆಚ್ಚೇನೂ ಇರಲಿಲ್ಲ. ಆ ಪೇಪರಿನಲ್ಲಿ ಡುಮ್ಕಿ ಹೊಡೆಯುವುದು ನಮ್ಮ ಕಡೆಯ ಹುಡುಗರ ಸಂಪ್ರದಾಯ. ಅದರಲ್ಲಿ ಎಂಟ್ರೋಪಿ ಎಂಬುದೊಂದಿತ್ತು. ಪ್ರಪಂಚದಲ್ಲಿ ಗೊಂದಲ ಹೆಚ್ಚುತ್ತಲೇ ಹೋಗುತ್ತದೆ ಎಂಬುದು ಅದರ ಸಾರಾಂಶವಂತೆ. ಹುಡುಗರು ತಮ್ಮ ಉತ್ತರಪತ್ರಿಕೆಗಳ ಮೂಲಕ ಅದಕ್ಕೆ ವರ್ಷವರ್ಷವೂ ಹೊಸ ಪುರಾವೆ ಒದಗಿಸುತ್ತಿದ್ದರು. ತಿಮ್ಮರಾಜು ಮನೆಯಲ್ಲಿ ಮಾತ್ರ ‘ಒಂದು ಪೇಪರಿಂದು ಇನ್ನೂ ಬಂದಿಲ್ಲ’ ಎಂದು ಹೇಳಿ ಸುಮ್ಮನಾದ.

ಕಾಲೇಜಿಗೆ ಆಗತಾನೆ ಮೈಸೂರಿನಿಂದ ಯಶೋದಮ್ಮ ಎಂಬ ಕೆಮಿಸ್ಟ್ರಿ ಮೇಡಂ ಬಂದಿದ್ದರು. ಮೇಷ್ಟರು ಹೇಳಿದ್ದು ತಲೆಗೆ ಹೋಗದಿದ್ದರೆ ಓರಗೆಯವರ ಜೊತೆ ಕೂತು ಓದಿದ್ದಾದರೂ ಹೋಗಬಹುದು ಎಂದು ಅವರು ಶನಿವಾರ ಮಧ್ಯಾಹ್ನ ಹುಡುಗರನ್ನು ಗುಂಪುಗುಂಪಾಗಿ ಕೂರಿಸಿದರು. ಚೆನ್ನಾಗಿ ಪಾಸಾದ ಒಬ್ಬರು ಗುಂಪಿಗೆ ಮುಂದಾಳು. ಅವರದೊಂದು ಕಟ್ಟುನಿಟ್ಟಾದ ನಿಯಮವಿತ್ತು. ಮುಂದಾಳು ಉತ್ತರ ಹೇಳುವಂತಿಲ್ಲ, ಉತ್ತರ ಹುಡುಗರ ಬಾಯಿಂದಲೇ ಹೊರಡುವ ತನಕ ಪ್ರಶ್ನೆ ಕೇಳುತ್ತಿರಬೇಕು. ತಿಮ್ಮರಾಜುವಿನ ಗುಂಪಿಗೆ ಪೇಟೆಬೀದಿಯ ಚಿನ್ನದ ಕೆಲಸದ ಸುಬ್ರಹ್ಮಣ್ಯಾಚಾರ್ಯರ ಮಗಳು ಸುನಿತಾ ಮುಂದಾಳು. ಅಪ್ಪ ಚಿನ್ನವನ್ನು ಒರೆಗೆ ಹಚ್ಚಿದ ಹಾಗೆ ಅವಳು ಹುಡುಗರನ್ನು ಹಚ್ಚುತ್ತಿದ್ದಳು. ತಿಮ್ಮರಾಜು ಪಕ್ಕದವರ ಬೆನ್ನ ಹಿಂದೆ ಕೂತು, ಅವರು ಹೇಳಿದ ಉತ್ತರಕ್ಕೆ ತಾನೂ ತಲೆಯಾಡಿಸಿ ಮನೆಗೆ ಬರುತ್ತಿದ್ದ.

ಒಂದು ಶನಿವಾರ ಅವನು ಹಾಗೆ ಬರುವ ಹೊತ್ತಿಗೆ ಜಗಲಿಯ ಮೇಲೆ ಶೀಳನೆರೆಯ ಸೋದರಮಾವ ನರಸಯ್ಯ ಕಾಫಿ ಕುಡಿಯುತ್ತ ಕೂತಿದ್ದ.

‘ಶನಿವಾರ ಮಧ್ಯಾನ್ದ ಮೇಲೂ ಕಾಲೇಜಾ?’ ಎಂದ ಬೋರಯ್ಯ.

‘ಡುಮ್ಕಿ ಒಡೆದೋರಿಗೆ ಪಾಠ ಅಪ್ಪಾ.’

‘ಯಾರು ಯೋಳ್ಕೊಡೋರು? ಹೊಸ ಮೇಡಮ್ಮಾ?’

‘ಇಲ್ಲ, ಉಡುಗ್ರೇ ಸೇರ್ಕಂಡು.’

‘ಯಾವ ಉಡುಗ್ರು?’

ತಿಮ್ಮರಾಜು ಅಪ್ಪನನ್ನು ನೋಡಿದ, ಮಾವನನ್ನು ನೋಡಿದ, ಒಳಗಿನಿಂದ ಇಣುಕುತ್ತಿದ್ದ ಅವ್ವ ಪುಟ್ಟಲಕ್ಷ್ಮಮ್ಮನನ್ನು ನೋಡಿದ. ‘ಅದ್ರಲ್ಲಿ ನಾನೂ ಇದ್ದೀನಿ’ ಎಂದ.

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವನು ಅದರಲ್ಲಿ ಇದ್ದದ್ದು ನಿಜ. ಉಳಿದದ್ದನ್ನು ಹಿರಿಯರು ಕಟ್ಟಿಕೊಂಡರು. ಹಿರಿಯರು ಕಟ್ಟಿಕೊಂಡದ್ದನ್ನು ಬಿಚ್ಚುವುದು ಸಂಸ್ಕಾರವಂತ ಮಗನಿಗೆ ಶೋಭೆಯಲ್ಲವೆಂದು ಅವನು ಕೈಕಾಲು ತೊಳೆಯಲು ಹೋದ.

‘ನಮ್ಮ ಅರುಣಂದೂ ಅದೇ ಕೆಮಿಸ್ಟ್ರಿ ಓಗೈತೆ ಬಾವ’ ಎಂದ ನರಸಯ್ಯ, ಲೋಟ ಕೆಳಗಿಟ್ಟು. ‘ಕೆ.ಆರ್. ಪೇಟೇಲಿ ಯಾರೂ ಯೋಳ್ಕೊಡೋರಿಲ್ಲ. ಶನಿವಾರ ಕಾಲೇಜು ಮುಗಿಸ್ಕಂಡು ಇಲ್ಗೇ ಬರ್ಲಿ, ಭಾನುವಾರ ಇದ್ದು ನಿನ್ನ ಮಗನತ್ರ ಕಲ್ತ್ಕಳ್ಳಿ.’

‘ಅದುಕ್ಕೇನು, ನಮ್ಮುಡುಗ ಬ್ಯಾರೆ, ನಿಮ್ಮುಡುಗ ಬ್ಯಾರೆನಾ.’

‘ಸುಮ್ಕೆ ಬ್ಯಾಡ. ನಿಂದಿನ್ನೂ ನಾಟಿ ಆಗಿಲ್ಲ. ನಮ್ಮೂರಿಂದ ಆಳು ಕರ್ಕಂಡು ಬತ್ತೀನಿ. ಮುಯ್ಯಿ ಅಂದ್ಕೊ.’

ಬೋರಯ್ಯನ ಮುಖ ಅರಳಿದ್ದನ್ನು ನಾನು ನನ್ನ ಜಗಲಿಯಿಂದಲೇ ನೋಡಿದೆ. ಮಗ ಕೆಸರಿಗೆ ಇಳಿಯದೆಯೂ ಮುಯ್ಯಿಯ ಲೆಕ್ಕಕ್ಕೆ ಬಂದಿದ್ದ. ವಿದ್ಯೆಯಿಂದ ಇಂಥದೊಂದು ಉಪಯೋಗ ಇದೆಯೆಂದು ಅವನಿಗೆ ಮೊದಲೇ ಗೊತ್ತಾಗಿದ್ದರೆ ಫೀಸು ಕಟ್ಟುವಾಗ ಅಷ್ಟು ಗೊಣಗುತ್ತಿರಲಿಲ್ಲ.

ಸುದ್ದಿ ಶೀಳನೆರೆಯಿಂದ ಬೆಳ್ಳೂರಿಗೆ ಹೋಯಿತು. ಬೆಳ್ಳೂರು ಕ್ರಾಸಿನಲ್ಲಿ ನರಸಯ್ಯನ ಷಡ್ಡಕ ರಂಗಸ್ವಾಮಿ ಸಣ್ಣದೊಂದು ಹೋಟೆಲು ಇಟ್ಟಿದ್ದ. ಅವನ ಮಗ ರಘುನಂದನ್ ನಾಗಮಂಗಲದಲ್ಲಿ ಓದುತ್ತಿದ್ದವನು, ಅದೇ ಪೇಪರು, ಅದೇ ಡುಮ್ಕಿ. ಹೋಟೆಲಿನವನ ಮನೆಯಲ್ಲಿ ನಾಟಿ ಆಳು ಎಲ್ಲಿಂದ ಬರಬೇಕು? ನಾಟಿಯ ದಿನದ ಬುತ್ತಿ ನಂದು ಎಂದು ಅವನು ಒಪ್ಪಿಕೊಂಡ.

ಶ್ರಾವಣದಲ್ಲಿ ಶೀಳನೆರೆಯಿಂದ ಟ್ರಾಕ್ಟರು ಬಂತು. ಅದರ ತುಂಬ ಹೆಣ್ಣಾಳು, ಗಂಡಾಳು. ಬೆಳ್ಳೂರಿನಿಂದ ಇಡ್ಲಿ, ವಡೆ, ಚಟ್ನಿ ಬಂದವು. ಬೋರಯ್ಯನ ಗದ್ದೆ ಎಂದೂ ಇಲ್ಲದಂತೆ ಹೊತ್ತು ಮುಳುಗುವ ಮೊದಲೇ ಹಸಿರು ಸೀರೆ ಉಟ್ಟು ನಿಂತಿತು. ಊರಿನವರು ಬದುವಿನ ಮೇಲೆ ಸಾಲಾಗಿ ನಿಂತು ವಡೆ ತಿನ್ನುತ್ತ ನೋಡಿದರು. ಬೋರಯ್ಯ ಹೊಸ ಪಂಚೆ ಉಟ್ಟು, ‘ಇದೆಲ್ಲ ನಮ್ಮುಡುಗನ ಕೆಮಿಸ್ಟ್ರಿ’ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ತಿಮ್ಮರಾಜು ಮಾತ್ರ ತೆಂಗಿನ ಮರಕ್ಕೆ ಒರಗಿ ನಿಂತಿದ್ದ. ಕೈಯಲ್ಲಿದ್ದ ವಡೆ ಹಾಗೇ ಇತ್ತು. ಊರಿದ ಸಸಿಯನ್ನು ಕಿತ್ತು ವಾಪಸು ಕೊಡುವ ಹಾಗಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಇನ್ನು ಅರುಣ್, ರಘುನಂದನ್ ಪಾಸಾಗದಿದ್ದರೆ ಅಪ್ಪ ಮುಯ್ಯಿ ಉಂಡವನಾಗುತ್ತಾನೆ.

ಸೋಮವಾರ ಅವನು ಕಾಲೇಜಿಗೆ ಓಡಿದ. ಸುನಿತಾ ಕಾರಿಡಾರಿನಲ್ಲಿ ಸಿಕ್ಕಳು.

‘ಸುನಿತಾ, ನಂಗೊಂದು ಉಪಕಾರ ಮಾಡು. ಎಂಟ್ರೋಪಿಯೆಲ್ಲ ಒಂದೇ ಸಲಕ್ಕೆ ಯೋಳ್ಕೊಟ್ಬುಡು.’

‘ಮುಂದಾಳು ಹೇಳೋ ಹಾಗಿಲ್ಲ. ಮೇಡಂ ನಿಯಮ ಗೊತ್ತಲ್ಲ. ಎಂಟ್ರೋಪಿ ಅಂದ್ರೆ ನಿನಗೇನನ್ನಿಸುತ್ತೆ?’

‘ನಂಗೆ ನೇಣು ಆಕ್ಕೊಬೇಕು ಅನ್ನುಸ್ತದೆ.’

‘ಯಾಕೆ ಹಾಗನ್ನಿಸುತ್ತೆ?’ ಎಂದಳು ಸುನಿತಾ. ಅವಳಿಗೆ ಅದು ಅಭ್ಯಾಸವಾಗಿ ಹೋಗಿತ್ತು.

ತಿಮ್ಮರಾಜು ಸಿಟ್ಟಿನಿಂದ ಗೇಟಿನ ತನಕ ಬಂದವನು ಅಲ್ಲೇ ನಿಂತ. ಮುಂದಾಳು ಹೇಳುವ ಹಾಗಿಲ್ಲ. ಹೇಳುವ ಹಾಗಿಲ್ಲವೆಂದ ಮೇಲೆ ಗೊತ್ತಿರಲೇಬೇಕು ಎಂದೇನಿದೆ? ಉತ್ತರ ಗೊತ್ತಿದ್ದೂ ಹೇಳದೆ ಬಾಯಿ ಬಿಗಿಹಿಡಿಯುವುದು ಸುನಿತಾಳಂಥವರಿಗೆ ಕಷ್ಟವಾದೀತು. ತನಗೆ ಆ ಕಷ್ಟವೂ ಇಲ್ಲ. ಅವನು ಹಗುರವಾಗಿ ಬಸ್ಸು ಹತ್ತಿದ.

ಮೊದಲ ಪಾಠ ಅವರ ಜಗಲಿಯ ಮೇಲೆ ನಡೆಯಿತು. ಪುಟ್ಟಲಕ್ಷ್ಮಮ್ಮ ಚಾಪೆ ಹಾಸಿ, ಮಜ್ಜಿಗೆ ಇಟ್ಟು, ದೃಷ್ಟಿಯಾಗದಿರಲೆಂದು ಬಾಗಿಲಿಗೆ ಮೆಣಸಿನಕಾಯಿ ಕಟ್ಟಿದ್ದಳು. ಬೀದಿಯಲ್ಲಿ ಅರ್ಧ ಊರು ಕೆಲಸವಿದ್ದವರಂತೆ ಸುಳಿದಾಡುತ್ತಿತ್ತು. ಅರುಣ್ ಪುಸ್ತಕ ಮುಂದೆ ತಳ್ಳಿದ.

‘ಬಾವ, ಎಂಟ್ರೋಪಿ ಅಂದ್ರೇನು?’

ತಿಮ್ಮರಾಜು ಕಣ್ಣು ಮುಚ್ಚಿದ. ನಾವೆಲ್ಲ ಅದನ್ನು ಧ್ಯಾನವೆಂದು ತಿಳಿದೆವು. ‘ನಿಂಗೇನನ್ನುಸ್ತದೆ?’ ಎಂದ.

‘ನಂಗೇನೂ ಅನ್ನುಸಲ್ಲ.’

‘ಯಾಕೆ ಅನ್ನುಸಲ್ಲ?’

‘ಓದಿಲ್ಲ, ಅದುಕ್ಕೆ.’

‘ಅಂಗಾರೆ ಏನ್ ಮಾಡ್ಬೇಕು ಅನ್ನುಸ್ತದೆ?’

ಅರುಣ್ ಬಹಳ ಹೊತ್ತು ಯೋಚಿಸಿದ. ‘ಓದ್ಬೇಕು ಅನ್ನುಸ್ತದೆ’ ಎಂದ.

‘ಮತ್ತೆ?’

ಅರುಣ್ ಪುಸ್ತಕ ತೆರೆದ. ಅವನ ಹಿಂದೆಯೇ ರಘುನಂದನ್ ಕೂಡ ತೆರೆದ. ಆ ಪುಸ್ತಕಗಳು ತೆರೆದದ್ದು ಅದೇ ಮೊದಲೆಂಬುದು ಅವುಗಳ ಬೆನ್ನು ಮಾಡಿದ ಸದ್ದಿನಿಂದಲೇ ಗೊತ್ತಾಯಿತು. ಅರುಣ್ ಒಂದು ಸಾಲು ಓದಿ ಅರ್ಥ ಹೇಳಿದರೆ ತಿಮ್ಮರಾಜು ‘ಯಾಕೆ’ ಎನ್ನುವನು. ಅರುಣ್ ತಡವರಿಸಿದರೆ ರಘುನಂದನ್ ಇನ್ನೊಂದು ಹೇಳುವನು. ‘ಇವ್ನು ಯೋಳಿದ್ದು ಸರಿಯಾ?’ ಎಂದು ತಿಮ್ಮರಾಜು ಅರುಣನನ್ನೇ ಕೇಳುವನು. ಇಬ್ಬರೂ ಜಗಳ ಹತ್ತಿಸಿಕೊಂಡು ಪುಸ್ತಕದ ಒಳಹೊಕ್ಕು, ಕೊನೆಗೆ ಬೆವರು ಒರೆಸುತ್ತ ಒಂದು ಒಪ್ಪಂದಕ್ಕೆ ಬರುವರು. ತಿಮ್ಮರಾಜು ‘ಊಂ’ ಎಂದು ಮಜ್ಜಿಗೆ ಕುಡಿಯುವನು.

ಬೀದಿಯ ತುದಿಯ ಚಿಕ್ಕಮಾದಯ್ಯ ಊರಿಗೇ ಹಿರಿಯ. ಅವನಿಗೆ ಅರ್ಥವಾಗದ್ದು ಊರಿನಲ್ಲಿ ಏನೂ ನಡೆಯಬಾರದು. ಕೋಲೂರಿಕೊಂಡು ಬಂದು ಜಗಲಿಯಂಚಿಗೆ ಕೂತ.

‘ಬಿಸಿಯಾಗಿರಾದು ತಂತಾನೇ ತಣ್ಣಗಾಯ್ತದೆ, ತಣ್ಣಗಿರಾದು ತಂತಾನೇ ಬಿಸಿಯಾಗಕ್ಕಿಲ್ಲ ಅಂತ ಯೋಳ್ತಾವನಲ್ಲ ಈ ಉಡುಗ’ ಎಂದ. ‘ಅಂಗಾರೆ ಮುದ್ದೆ ಆರದಂಗೆ ಮಾಡಾಕೆ ನಿಮ್ಮ ಪುಸ್ತಕದಲ್ಲಿ ಏನಾರ ಐತಾ ತಿಮ್ಮರಾಜು?’

‘ನಿಂಗೇನನ್ನುಸ್ತದೆ ತಾತ?’

ಚಿಕ್ಕಮಾದಯ್ಯನನ್ನು ಯಾರೂ ಬಹಳ ವರ್ಷದಿಂದ ಹೀಗೆ ಕೇಳಿರಲಿಲ್ಲ. ಅವನು ಗಡ್ಡ ಕೆರೆದುಕೊಂಡ. ‘ಬಿಸಿ ಇದ್ದಂಗೇ ಉಣ್ಬೇಕು ಅನ್ನುಸ್ತದೆ’ ಎಂದ. ಎದ್ದು ನೇರ ಮನೆಗೆ ಹೋಗಿ ಉಂಡ. ಸಂಜೆ ಟೀ ಅಂಗಡಿಯಲ್ಲಿ, ‘ಗುರು ಅಂದ್ರೆ ಅವನು ಕಣ್ರಪ್ಪ. ನನ್ನೊಳಗಿದ್ದದ್ನ ನನ್ಗೇ ತೆಗ್ದು ಕೊಟ್ಬುಟ್ಟ’ ಎಂದು ಸಾರಿದ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ, ಭಾದ್ರಪದದಲ್ಲಿ ಒಂದು ಭಾನುವಾರ ನರಸಯ್ಯ ತನ್ನ ಮುಯ್ಯಿ ಎಲ್ಲಿಯ ತನಕ ಬಂತೆಂದು ನೋಡಲು ಬಂದ. ಪಾಠಕ್ಕೆ ಅಡ್ಡಿಯಾಗದಿರಲೆಂದು ನನ್ನ ಜಗಲಿಯಲ್ಲಿ ಕೂತು ಕೇಳಿದ. ಕೇಳುತ್ತಾ ಕೇಳುತ್ತಾ ಅವನ ಹುಬ್ಬು ಮೇಲೇರಿತು. ಮಧ್ಯಾಹ್ನದ ಊಟಕ್ಕೆ ಎಲೆ ಹಾಕಿದರೆ ಕೂರಲಿಲ್ಲ.

‘ಬಾವ, ಒಂದು ಮಾತು ಇತ್ಯರ್ಥ ಆಗ್ಬೇಕು. ಇಲ್ಲಿ ಪಾಠ ಯೋಳೋರು ಯಾರು?’

‘ನನ್ನ ಮಗ. ಇನ್ಯಾರು?’

‘ಬೆಳಗ್ಗಿಂದ ಕೇಳಿವ್ನಿ. ಬಾಯಿ ಬಡ್ಕಂಡಿದ್ದೆಲ್ಲ ನನ್ನ ಮಗ. ನಿನ್ನ ಮಗ ಊಂ, ಯಾಕೆ, ಮತ್ತೆ ಅಂದ, ಅಷ್ಟೇಯ. ನ್ಯಾಯವಾಗಿ ನೋಡುದ್ರೆ ನನ್ನ ಮಗನೇ ನಿನ್ನ ಮಗನ್ಗೆ ಯೋಳ್ಕೊಟ್ಟವ್ನೆ. ನಾಟಿನೂ ನಮ್ದು, ಪಾಠನೂ ನಮ್ದು. ಎಲ್ಡು ಮುಯ್ಯಿ ನಿನ್ನ ಮೇಲೈತೆ.’

ಬೋರಯ್ಯನ ಕೈಯಲ್ಲಿದ್ದ ನೀರಿನ ಚೊಂಬು ವಾಲಿತು. ‘ಅಣ್ಣ, ಊಟಕ್ಕೆ ಕೂತ್ಕೊಂಡು ಮಾತಾಡು’ ಎಂದಳು ಪುಟ್ಟಲಕ್ಷ್ಮಮ್ಮ. ‘ಉಂಡ್ರೆ ಅದೂ ಲೆಕ್ಕಕ್ಕೆ ಬತ್ತದೆ, ತಡಿ’ ಎಂದ ನರಸಯ್ಯ.

ವ್ಯಾಜ್ಯ ಅರಳಿಕಟ್ಟೆಗೆ ಹೋಯಿತು. ಕೇಳುವವನು ಆಳೋ, ಹೇಳುವವನು ಆಳೋ ಎಂಬ ಪ್ರಶ್ನೆ ನಮ್ಮೂರಿನ ನ್ಯಾಯದ ಇತಿಹಾಸದಲ್ಲಿ ಎಂದೂ ಬಂದಿರಲಿಲ್ಲ. ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ ಆದರು. ಕೆಲವರು ಎರಡೂ ಕಡೆ ಮಾತಾಡಿದರು. ಕೊನೆಗೆ ಚಿಕ್ಕಮಾದಯ್ಯ ಕೋಲು ಕುಟ್ಟಿದ.

‘ಸಾಲುನಾಟಿ ಮಾಡುವಾಗ ಬದುವಿನ ಮೇಲೆ ಹಗ್ಗ ಹಿಡ್ಕಂಡು ನಿಂತಿರ್ತಾರಲ್ಲ, ಅವರೇನು ಸಸಿ ಊರ್ತಾರಾ? ಕಾಲಿಗೆ ಕೆಸರೂ ಆಗಕ್ಕಿಲ್ಲ. ಆದ್ರೂ ಅವರ್ನ ಆಳು ಅಂತ ಲೆಕ್ಕ ಇಡ್ತೀವೋ ಇಲ್ವೋ? ಹಗ್ಗ ಇಲ್ದಿದ್ರೆ ಸಾಲು ಸೊಟ್ಟ. ತಿಮ್ಮರಾಜು ಹಗ್ಗ ಹಿಡಿಯೋನು.’

ಕಟ್ಟೆಯ ಮೇಲೆ ಮೆಚ್ಚುಗೆಯ ಗುಜುಗುಜು ಎದ್ದಿತು. ನರಸಯ್ಯ ಸೋಲುವವನಲ್ಲ.

‘ಒಪ್ದೆ. ಆದ್ರೆ ಹಗ್ಗ ಹಿಡಿಯೋನಿಗೂ ನಾಟಿ ಗೊತ್ತಿರ್ಬೇಕು. ಇವನಿಗೆ ಗೊತ್ತಾ ಅಂತ ಇವನ ಮೇಡಮ್ನೇ ಕೇಳಾನ.’

ಮರುದಿನ ಬೋರಯ್ಯ, ನರಸಯ್ಯ ಇಬ್ಬರೂ ಕಾಲೇಜಿಗೆ ಹೋದರು. ಸಾಕ್ಷಿಗೆಂದು ಚಿಕ್ಕಮಾದಯ್ಯ ನನ್ನನ್ನೂ ಕಳಿಸಿದ. ತಿಮ್ಮರಾಜುವಿಗೆ ಅಂದು ಬೆಳಿಗ್ಗೆಯಿಂದಲೇ ಹೊಟ್ಟೆನೋವು. ಯಶೋದಮ್ಮ ಮೇಡಂ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದು ಚಿತ್ರಾನ್ನ ತಿನ್ನುತ್ತಿದ್ದರು. ಇಬ್ಬರು ದೊಡ್ಡ ರೈತರು ಟವೆಲ್ಲು ಕೈಯಲ್ಲಿ ಹಿಡಿದು ಮುಯ್ಯಿ, ಹಗ್ಗ, ಎಂಟ್ರೋಪಿ ಎಂದು ಒಟ್ಟಿಗೇ ಶುರುಮಾಡಿದಾಗ ಮೊದಲು ಹೆದರಿದರು. ವಿಷಯ ತಿಳಿಯುತ್ತ ಬಂದಂತೆ ಚಮಚ ಕೆಳಗಿಟ್ಟರು.

‘ಅಂದರೆ ಅಲ್ಲಿ ಮುಂದಾಳು ಒಂದು ಉತ್ತರವನ್ನೂ ಹೇಳುವುದಿಲ್ಲವೇ?’

‘ಒಂದೂ ಇಲ್ಲ ತಾಯಿ’ ಎಂದ ನರಸಯ್ಯ, ದೂರು ಕೊಡುವವನ ಹಾಗೆ.

‘ಹುಡುಗರೇ ಓದಿ, ಹುಡುಗರೇ ಜಗಳವಾಡಿ, ಹುಡುಗರೇ ಹೇಳುತ್ತಾರೆಯೇ?’

‘ಅದೇ ನೋಡಿ ಅನ್ಯಾಯ.’

‘ಇದಕ್ಕಿಂತ ಚೆನ್ನಾಗಿ ನಡೆಸಲು ಆಗುವುದಿಲ್ಲ’ ಎಂದರು ಮೇಡಂ. ‘ನಮ್ಮ ಕಾಲೇಜಿನಲ್ಲೇ ಮುಂದಾಳುಗಳು ತಡೆಯಲಾರದೆ ಹೇಳಿಬಿಡುತ್ತಾರೆ. ಅಷ್ಟು ಸಂಯಮ ಇರುವ ಮುಂದಾಳು ಯಾರು?’

ಬೋರಯ್ಯ ಎದೆ ಮುಂದೆ ಮಾಡಿದ. ‘ನನ್ನ ಮಗ. ತಿಮ್ಮರಾಜು.’

‘ತಿಮ್ಮರಾಜು?’ ಮೇಡಂ ಹುಬ್ಬು ಗಂಟಿಕ್ಕಿದರು. ‘ಅವನು ಹೇಗೆ ಮುಂದಾಳಾದ? ಅವನಿಗೇ ಆ ಪೇಪರ್ ಆಗಿಲ್ಲವಲ್ಲ. ಅಕ್ಟೋಬರಿಗೆ ಅವನೂ ಪರೀಕ್ಷೆಗೆ ಕೂರಬೇಕು.’

ಬೋರಯ್ಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ, ಮತ್ತೆ ತೆಗೆದ. ನರಸಯ್ಯನ ಬಾಯಿಂದ ಹೊರಟದ್ದು ಒಂದೇ ಮಾತು.

‘ಅಂಗಾರೆ ನಮ್ಮ ನಾಟಿ?’

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಆದರೂ ನಾವು ಊರು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಬೋರಯ್ಯನ ಮನೆಯ ಮುಂದೆ, ಮಗನಿಗೆ ಬೀಳುವ ಏಟನ್ನು ತಪ್ಪಿಸಬೇಕೆಂಬ ಸದುದ್ದೇಶದಿಂದಲೂ, ತಪ್ಪಿಸುವ ಮೊದಲು ಸ್ವಲ್ಪ ನೋಡಬೇಕೆಂಬ ಆಸೆಯಿಂದಲೂ ಜನ ಸೇರಿದ್ದರು. ಬೋರಯ್ಯ ಯಾರನ್ನೂ ನೋಡದೆ ಜಗಲಿ ಹತ್ತಿದ. ತಿಮ್ಮರಾಜು ಕಂಬ ಹಿಡಿದು ನಿಂತಿದ್ದ.

‘ಅಪ್ಪಾ, ನಾನು ಪಾಸಾಗಿವ್ನಿ ಅಂತ ಯಾವತ್ತೂ ಯೋಳಿಲ್ಲ’ ಎಂದ.

‘ಬಾಯ್ಮುಚ್ಚು. ನೀನು ಪಾಸಾಯ್ತೀಯೋ ಬುಡ್ತೀಯೋ ಕಟ್ಕಂಡು ನಂಗೇನಾಗ್ಬೇಕು. ಆ ಇಬ್ರು ಉಡುಗ್ರು ಪಾಸಾಗ್ಬೇಕು. ಅವರ ಕೈಲಿ ನಾಟಿ ಮಾಡಿಸ್ಕಂಡು, ಅವರ ವಡೆ ತಿಂದಿವ್ನಿ ಕಣ್ಲಾ ನಾನು. ಅವರು ಬಿದ್ರೆ ನಾನು ಶೀಳನೆರೆ ಬಸ್ಸು ಹತ್ತಂಗಿಲ್ಲ.’ ಅವನು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಮಗ ಫೇಲಾದದ್ದಕ್ಕೆ ಕಣ್ಣೀರು ಹಾಕಿದ ತಂದೆಯರನ್ನು ನಾನು ಕಂಡಿದ್ದೇನೆ. ಬೇರೆಯವರ ಮಕ್ಕಳು ಫೇಲಾದಾರೆಂದು ಕಣ್ಣೀರು ಹಾಕಿದವನು ಬೋರಯ್ಯ ಒಬ್ಬನೇ.

ಕೊಟ್ಟ ನಾಟಿ ದಂಡವಾಗಬಾರದೆಂದು ನರಸಯ್ಯನೂ ಮಗನನ್ನು ಕಳಿಸುತ್ತಲೇ ಇದ್ದ. ಅಂದಿನಿಂದ ತಿಮ್ಮರಾಜು ಜೀವ ಬಿಟ್ಟು ಕೇಳತೊಡಗಿದ. ಉಗುಳು ನುಂಗಲೂ ಬಿಡದೆ ಕೇಳಿದ. ಹುಡುಗರು ಅವನ ಕಾಟ ತಾಳಲಾರದೆ ಬಸ್ಸಿನಲ್ಲಿ ಬರುವಾಗಲೇ ಓದಿಕೊಂಡು ಬರತೊಡಗಿದರು. ಅಕ್ಟೋಬರಿನಲ್ಲಿ ಮೂವರೂ ಪರೀಕ್ಷೆ ಬರೆದರು.

ಫಲಿತಾಂಶ ಬಂದಾಗ ಬೋರಯ್ಯ ಕಣದಲ್ಲಿ ಭತ್ತ ತೂರುತ್ತಿದ್ದ. ಅರುಣ್, ರಘುನಂದನ್ ಇಬ್ಬರೂ ಬದುವಿನ ಮೇಲೆ ಓಡಿ ಬಂದರು. ಸ್ವಲ್ಪ ಹಿಂದೆ ತಿಮ್ಮರಾಜು ನಿಧಾನವಾಗಿ ಬರುತ್ತಿದ್ದ.

‘ನಿಮ್ಮಿಬ್ರುದೂ ಆಯ್ತಾ?’

‘ಆಯ್ತು ಮಾವ’ ಎಂದ ಅರುಣ್.

ಬೋರಯ್ಯ ಮೊರ ಕೆಳಗಿಟ್ಟು ಶೀಳನೆರೆಯ ದಿಕ್ಕಿಗೆ ಕೈಮುಗಿದ. ಆಮೇಲೆ ನೆನಪಾಗಿ ಬೆಳ್ಳೂರಿನ ದಿಕ್ಕಿಗೂ ಮುಗಿದ. ‘ತೀರ್ತು. ಮುಯ್ಯಿ ತೀರ್ತು’ ಎಂದು ಕಣದ ಅಂಚಿಗೆ ಕೂತುಬಿಟ್ಟ.

‘ನಿಮ್ಮ ಮಗಂದೂ ವಸಿ ಕೇಳಿ’ ಎಂದಳು ಪುಟ್ಟಲಕ್ಷ್ಮಮ್ಮ.

‘ಅದು ಮನೆ ಸಮಾಚಾರ. ನಿಧಾನಕ್ಕೆ ಕೇಳುದ್ರಾಯ್ತು.’

ತಿಮ್ಮರಾಜು ಮತ್ತೆ ಡುಮ್ಕಿ. ಅವನಿಗೆ ಎಲ್ಲ ಪ್ರಶ್ನೆಗಳೂ ಚೆನ್ನಾಗಿ ಬರುತ್ತಿದ್ದವು. ಆದರೆ ಪ್ರಶ್ನೆಪತ್ರಿಕೆಯವರು ಅವನ್ನೆಲ್ಲ ತಾವೇ ಅಚ್ಚು ಹಾಕಿಸಿ ಕೊಟ್ಟಿದ್ದರಿಂದ ಅವನಿಗೆ ಬರೆಯಲು ಏನೂ ಉಳಿದಿರಲಿಲ್ಲ.

ಇದರಿಂದ ಅವನ ಕೀರ್ತಿ ಕುಂದಿತೆಂದು ತಿಳಿದರೆ ನಿಮಗೆ ನಮ್ಮ ಸೀಮೆ ಗೊತ್ತಿಲ್ಲ. ತಾನು ಮುಳುಗಿ ಇಬ್ಬರನ್ನು ದಡ ಹತ್ತಿಸಿದ ಎಂದರು ಜನ. ಅದು ಕೈಗುಣ ಎಂದ ಚಿಕ್ಕಮಾದಯ್ಯ. ರಂಗಸ್ವಾಮಿ ಬೆಳ್ಳೂರು ಕ್ರಾಸಿನಲ್ಲಿ ಇಡ್ಲಿಯ ಜೊತೆ ಈ ಕಥೆಯನ್ನೂ ಬಡಿಸಿದ. ಸಂಕ್ರಾಂತಿ ಕಳೆಯುವಷ್ಟರಲ್ಲಿ ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದಿಂದ ಹುಡುಗರು ಬಂದು ಜಗಲಿ ತುಂಬಿದರು. ಅವರ ಅಪ್ಪಂದಿರು ಬಂದು ಬೋರಯ್ಯನ ಕಬ್ಬು ಕಡಿದರು, ಬೇಲಿ ಕಟ್ಟಿದರು, ಕೊಟ್ಟಿಗೆಗೆ ಹೆಂಚು ಹೊದಿಸಿದರು. ಮುಂದಿನ ನಾಟಿಗೆ ಆಳಿನ ಮಾತನ್ನು ಆಗಲೇ ಆಡಿ ಹೋದರು. ಬೋರಯ್ಯ ಎಲೆಅಡಿಕೆ ಹಾಕಿಕೊಂಡು ಮೇಲ್ವಿಚಾರಣೆ ಎಂಬ ಕೆಲಸ ಕಲಿತ.

ಒಂದು ಚಿಂತೆ ಮಾತ್ರ ಊರನ್ನು ಕಾಡಿತು. ಅಕಸ್ಮಾತ್ ತಿಮ್ಮರಾಜು ಪಾಸಾಗಿಬಿಟ್ಟರೆ?

‘ಕೆಟ್ಟೋಯ್ತದೆ’ ಎಂದ ಚಿಕ್ಕಮಾದಯ್ಯ. ‘ಪಾಸಾದೋರೆಲ್ಲ ಯೋಳಾಕೆ ಸುರು ಮಾಡ್ತಾರೆ. ಯೋಳುದ್ರೆ ಉಡುಗ್ರು ತೂಕಡಿಸ್ತಾರೆ. ಇವನು ಇಂಗೇ ಇರ್ಬೇಕು.’

ಊರು ಒಮ್ಮತಕ್ಕೆ ಬಂತು. ತಿಮ್ಮರಾಜು ಪುಸ್ತಕ ಹಿಡಿದು ಕೂತರೆ ಬೋರಯ್ಯ, ‘ಯಾಕ್ಲಾ ಕಣ್ಣು ಕೆಡಿಸ್ಕಂಡೀಯೆ, ಬುಡು’ ಎನ್ನುತ್ತಿದ್ದ. ಶನಿವಾರ ಸುನಿತಾಳ ಗುಂಪಿಗೆ ಹೊರಟರೆ ಯಾವುದಾದರೂ ಹುಡುಗನ ಅಪ್ಪ ಅವನನ್ನು ಟೀ ಕುಡಿಯಲು ಎಳೆದೊಯ್ಯುತ್ತಿದ್ದ. ಮಗ ಪಾಸಾಗಲಿ ಎಂದು ದೇವರಿಗೆ ಹೇಳಿಕೊಳ್ಳುತ್ತಿದ್ದವಳು ಪುಟ್ಟಲಕ್ಷ್ಮಮ್ಮ ಒಬ್ಬಳೇ, ಅದೂ ಗಂಡನಿಗೆ ಕೇಳಿಸದ ಹಾಗೆ.

ತಿಮ್ಮರಾಜುವಿಗೆ ನಿಜವಾಗಿ ದುಃಖವಾಯಿತು. ಅವನು ಪಾಸು ಮಾಡಿಸಿದವರು ಮುಂದಿನ ಓದಿಗೆ ಮೈಸೂರಿನ ಮಾತಾಡುತ್ತಿದ್ದರು. ಅವನು ಜಗಲಿಯ ಮೇಲೆ ಹಗ್ಗ ಹಿಡಿದು ನಿಂತೇ ಇದ್ದ. ಒಂದು ಸಂಜೆ ನಾಲೆಯ ಏರಿಯ ಮೇಲೆ ಕೂತು ನೀರು ನೋಡುತ್ತಿದ್ದಾಗ ಅರುಣ್ ಹುಡುಕಿಕೊಂಡು ಬಂದ.

‘ನೀನ್ಯಾಕ್ಲಾ ಬಂದೆ? ನಿಂದು ಆಗೋಯ್ತಲ್ಲ’ ಎಂದ ತಿಮ್ಮರಾಜು.

‘ನಮ್ಮಪ್ಪ ನಾಟಿ ಮಾಡ್ಸಿದ, ನೀನು ನನ್ನ ಪಾಸು ಮಾಡ್ಸಿದೆ. ಅದು ನಿಮ್ಮಪ್ಪ ನಮ್ಮಪ್ಪಂದು ಲೆಕ್ಕ. ನಂದು ಬ್ಯಾರೆ ಐತೆ ಬಾವ. ನಮ್ಮನೇಲಿ ನನ್ನ ಎಲ್ಲಾರೂ ಬೈತಿದ್ರು, ನಿಂಗೇನನ್ನುಸ್ತದೆ ಅಂತ ಕೇಳ್ದೋನು ನೀನೊಬ್ನೇ. ಅದರ ಮುಯ್ಯಿ ತೀರ್ಸಕ್ಕೆ ಬಂದಿವ್ನಿ.’ ಅವನು ಪಕ್ಕದಲ್ಲಿ ಕೂತ. ‘ಯೋಳು, ಎಂಟ್ರೋಪಿ ಅಂದ್ರೇನು?’

‘ನಿಂಗೇನನ್ನುಸ್ತದೆ?’

‘ಅದು ನಡೆಯಾಕಿಲ್ಲ. ನಿಂಗೇನನ್ನುಸ್ತದೆ?’

ಸುನಿತಾ ಕೇಳಿದಾಗ ಪಕ್ಕದವರು ಹೇಳಿಬಿಡುತ್ತಿದ್ದರು. ಇಲ್ಲಿ ಪಕ್ಕದಲ್ಲಿ ವಿಶ್ವೇಶ್ವರಯ್ಯ ನಾಲೆ ಬಿಟ್ಟರೆ ಯಾರೂ ಇರಲಿಲ್ಲ, ಅದೂ ಸುಮ್ಮನೆ ಹರಿಯುತ್ತಿತ್ತು. ತಿಮ್ಮರಾಜು ತಡವರಿಸುತ್ತ ಬಾಯಿ ತೆರೆದ. ಅರುಣ್ ‘ಯಾಕೆ’ ಎಂದ. ಜಗಲಿಯ ಮೇಲೆ ಕೇಳಿ ಕೇಳಿ ಕಿವಿಯಲ್ಲಿ ಉಳಿದಿದ್ದದ್ದು ಒಂದೊಂದಾಗಿ ನಾಲಿಗೆಗೆ ಬಂತು. ಪರೀಕ್ಷೆಯ ತನಕ ಅರುಣ್ ವಾರವಾರವೂ ಬಂದು ಮೇವು ಕೊಯ್ಯುವ ನೆಪ ಹೇಳಿ ಅವನನ್ನು ಆ ಏರಿಗೆ ಕರೆದೊಯ್ಯುತ್ತಿದ್ದ. ಅಷ್ಟು ದಿನ ಕೊಯ್ದರೂ ಮನೆಗೆ ಮೇವು ಬಾರದ್ದನ್ನು ಬೋರಯ್ಯ ಗಮನಿಸಲಿಲ್ಲ. ಮೇಲ್ವಿಚಾರಣೆಯಲ್ಲಿ ಇಂಥವು ತಪ್ಪಿ ಹೋಗುತ್ತವೆ.

ಮತ್ತೆ ಆಷಾಢ ಬಂತು. ನಾಲೆಗೆ ನೀರು ಬಿಟ್ಟಿದ್ದರು, ಬೋರಯ್ಯನ ಗದ್ದೆ ಕೆಸರಾಗಿ ಸಿದ್ಧವಿತ್ತು, ಸಸಿ ಕಟ್ಟು ಕಟ್ಟಿ ಬದುವಿನ ಮೇಲೆ ಇಟ್ಟಿದ್ದರು. ಆಳು ಬರುವುದಕ್ಕೆ ಹಿಂದಿನ ದಿನ ಪೇಟೆಯಿಂದ ತಿಮ್ಮರಾಜು ಓಡಿ ಬಂದ. ಚಪ್ಪಲಿ ಕೈಯಲ್ಲಿತ್ತು.

‘ಅಪ್ಪಾ, ಆಯ್ತು. ಕೆಮಿಸ್ಟ್ರಿ ಆಯ್ತು. ಎಲ್ಲಾ ಆಯ್ತು.’

ಬೋರಯ್ಯ ಮಗನನ್ನು ಅಪ್ಪಿಕೊಂಡ. ಎಷ್ಟಾದರೂ ಹೆತ್ತ ಕರುಳು. ಅಪ್ಪಿಕೊಂಡಿದ್ದ ಹಾಗೆಯೇ ಅವನ ಕಣ್ಣು ಮಗನ ಹೆಗಲ ಮೇಲಿಂದ ಗದ್ದೆಯ ಕಡೆ ಹೋಯಿತು. ಕೈ ಸಡಿಲವಾಯಿತು. ಬದುವಿನ ಮೇಲಿದ್ದ ಚಿಕ್ಕಮಾದಯ್ಯ ಆಗಲೇ ಕೋಲೂರಿಕೊಂಡು ಟೀ ಅಂಗಡಿಯ ಕಡೆ ಹೊರಟಿದ್ದ. ಪಾಸಾದ ಸುದ್ದಿ ಸಂಜೆಯ ಬಸ್ಸಿಗೆ ನಾಲ್ಕು ತಾಲ್ಲೂಕು ಮುಟ್ಟುವುದರಲ್ಲಿ ಸಂಶಯವಿರಲಿಲ್ಲ. ಪಾಸಾದವನ ಕೈಗುಣ ನಂಬಿ ನಾಳೆ ಒಂದು ಟ್ರಾಕ್ಟರೂ ಬರುವುದಿಲ್ಲ.

‘ಅಲ್ಲ ಕಣ್ಲಾ’ ಎಂದ ಬೋರಯ್ಯ, ‘ನಾಟಿ ಮುಗಿಯಗಂಟ ತಡೆದು ಪಾಸಾಗಕ್ಕೆ ಆಯ್ತಿರ್ಲಿಲ್ವಾ? ಈಗ ಇದುಕ್ಕೆ ಏನ್ಲಾ ಮಾಡಾದು?’

ತಿಮ್ಮರಾಜುವಿನ ಬಾಯಿ ಅಭ್ಯಾಸ ಬಲದಿಂದ ತಾನೇ ತೆರೆದುಕೊಂಡಿತು.

‘ನಿಂಗೇನನ್ನುಸ್ತದಪ್ಪಾ?’

ಬೋರಯ್ಯ ಗದ್ದೆ ನೋಡಿದ. ಮಗನ ಇಸ್ತ್ರಿ ಮಾಡಿದ ಪ್ಯಾಂಟು ನೋಡಿದ. ಬಗ್ಗಿ ಒಂದು ಸಸಿ ಕಟ್ಟು ಎತ್ತಿ ಅವನ ಕೈಗೆ ಕೊಟ್ಟ.

‘ಪ್ಯಾಂಟು ಮಡಿಸ್ಕಂಡು ಇಳೀಬೇಕು ಅನ್ನುಸ್ತದೆ’ ಎಂದ.